ಸಾಲುನಾಡಿನ ಬುಧವಾರ

‘ಸಾಲುನಾಡು’ ಮಾಲೆಯ ಮೇಲೆ ಸಂಶೋಧನೆ ಮಾಡುವವರು ಈಚೀಚೆಗೆ ನಮ್ಮೂರಿಗೆ ಗುಂಪುಗುಂಪಾಗಿ ಬರತೊಡಗಿದ್ದಾರೆ. ಹೆಗಲಲ್ಲಿ ಚೀಲ, ಕಣ್ಣಲ್ಲಿ ಭಕ್ತಿ. ಮಾಲೆ ಬರೆದ ಅಂಬುಜಾಕ್ಷಿಗೆ ಸಾಹಿತ್ಯದ ಮಾತೆಂದರೆ ಆಗುವುದಿಲ್ಲ; ಹಾಗಾಗಿ ಕೊನೆಗೆ ಎಲ್ಲರೂ ನನ್ನ ಜಗಲಿಗೆ ಬಂದು ಕೂರುತ್ತಾರೆ. ಐದೂ ಸಂಪುಟಗಳ ಮೊದಲ ಪುಟದಲ್ಲಿ ‘ವೈಜ್ಞಾನಿಕ ಸಲಹೆ’ ಎಂದು ನನ್ನ ಹೆಸರಿದೆ, ಎಂ.ಎಸ್ಸಿ. ಸಮೇತ. “ಸಾರ್, ಇಂಥ ಮಹಾಕಲ್ಪನೆ ಅವರಿಗೆ ಹೇಗೆ ಹೊಳೀತು?” ಎಂದು ಕೇಳುತ್ತಾರೆ. “ಪುಟ ಖಾಲಿ ಇತ್ತು” ಎನ್ನುತ್ತೇನೆ. ಅವರು ಗೌರವದಿಂದ ನಗುತ್ತಾರೆ. ಒಬ್ಬಾಕೆ ಈ ಮಾತನ್ನೇ ಹಿಡಿದು ‘ಶೂನ್ಯದಿಂದ ಸೃಷ್ಟಿ’ ಎಂಬ ಅಧ್ಯಾಯ ಬರೆದು ಡಾಕ್ಟರೇಟನ್ನೂ ಪಡೆದರು. ನಾನು ಹೇಳಿದ್ದು ವಾರಪತ್ರಿಕೆಯ ಎಂಟನೆಯ ಪುಟದ ಬಗ್ಗೆ. ಅದು ನಿಜಕ್ಕೂ ಖಾಲಿ ಇತ್ತು.

ನಮ್ಮೂರಿನಲ್ಲಿ ವಾರಗಳು ಸಾಲಾಗಿ ಬರುವುದಿಲ್ಲ. ಸೋಮವಾರದ ಬೆನ್ನಿಗೆ ಗುರುವಾರ ಬರಬಹುದು, ಶನಿವಾರ ಬರಬಹುದು, ಮನಸ್ಸಾದರೆ ಮತ್ತೆ ಸೋಮವಾರವೇ ಬರಬಹುದು. ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ಇಂದು ಯಾವ ವಾರ ಎಂದು ಗೊತ್ತಾಗಿಬಿಡುತ್ತದೆ, ಬಾಯಿಗೆ ಹಾಕಿದ್ದು ಉಪ್ಪೋ ಸಕ್ಕರೆಯೋ ಎಂದು ಗೊತ್ತಾಗುವಷ್ಟು ಸಹಜವಾಗಿ. ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಶನಿವಾರ ಒಪ್ಪೊತ್ತು ಮಾಡುವ ನನ್ನ ಸೋದರತ್ತೆ ಒಮ್ಮೆ ಶನಿವಾರಗಳು ಬಿಡದೆ ಬಂದಾಗ ಬಳೆಗಳು ಮೊಣಕೈಗೆ ಜಾರುವಷ್ಟು ಸೊರಗಿದರು. ಬೆನ್ನಿಗೇ ಭಾನುವಾರಗಳು ಬಂದು ಅವರನ್ನು ಉಳಿಸಿದವು. ಮಂಗಳವಾರ ಕ್ಷೌರದಂಗಡಿಗೆ ರಜೆ, ಹಾಗಾಗಿ ಮಂಗಳವಾರಗಳ ಸುಗ್ಗಿಯಲ್ಲಿ ಊರಿನ ಗಂಡಸರೆಲ್ಲ ಋಷಿಗಳಂತೆ ಕಾಣುತ್ತಾರೆ, ಆದರೆ ಬುದ್ಧಿ ಬದಲಾದದ್ದನ್ನು ಕಂಡಿಲ್ಲ. ಭಾನುವಾರಗಳು ಮುಗಿಯದ ಒಂದು ಬೇಸಿಗೆಯಲ್ಲಿ ಮಕ್ಕಳೇ ಬೇಸತ್ತು ಶಾಲೆಯ ಗೇಟು ಹತ್ತಿ ಒಳಗಿಳಿದು, ಮೇಷ್ಟರಿಲ್ಲದೆ ಮಗ್ಗಿ ಹೇಳಿದ್ದರು. ಮದುವೆಯ ಕರೆಯೋಲೆಯಲ್ಲಿ ‘ಬರುವ ಗುರುವಾರ’ ಎಂದಿರುತ್ತದೆ. ಗುರುವಾರ ಬಂದ ಬೆಳಿಗ್ಗೆ ವಧು ವರರಿಗೂ ನೆಂಟರಿಗೂ ಒಟ್ಟಿಗೇ ಸುದ್ದಿ ತಿಳಿಯುತ್ತದೆ.

ಆಗ ಊರಿನಲ್ಲಿ ಉಳಿದಿದ್ದದ್ದು ಒಂದೇ ವಾರಪತ್ರಿಕೆ, ‘ಶುಕ್ರದೆಸೆ’. ಸಂಪಾದಕರು ಗುರುಬಸಪ್ಪನವರು. ಪತ್ರಿಕೆ ಶುಕ್ರವಾರ ಬರಬೇಕು. ಬೆಳಿಗ್ಗೆ ಶುಕ್ರವಾರವೆಂದು ತಿಳಿದರೆ ಸಂಜೆ ದೀಪ ಹಚ್ಚುವುದರೊಳಗೆ ಅಂಗಡಿಗಳಲ್ಲಿ ನೇತಾಡುತ್ತಿರಬೇಕು. ತನ್ನ ವಾರ ತಪ್ಪಿಸಿದ ಪತ್ರಿಕೆಯನ್ನು ನಮ್ಮ ಜನ ಮತ್ತೆ ಮುಟ್ಟುವುದಿಲ್ಲ. ಹೆರಿಗೆಗೆ ಬಾರದ ಸೂಲಗಿತ್ತಿಯನ್ನು ನಾಮಕರಣಕ್ಕೆ ಯಾರು ಕರೆಯುತ್ತಾರೆ? ‘ಮಂಗಳವಾಣಿ’ ಎಂಬ ಪತ್ರಿಕೆ ಮಂಗಳವಾರಗಳ ಸಾಲಿನಲ್ಲಿ ಉಸಿರುಗಟ್ಟಿ ಸತ್ತದ್ದನ್ನು ಗುರುಬಸಪ್ಪನವರು ಕಣ್ಣಾರೆ ಕಂಡಿದ್ದರು. ಅದರ ಅಚ್ಚಿನ ಮೊಳೆಗಳನ್ನು ಅಗ್ಗಕ್ಕೆ ಕೊಂಡವರೂ ಅವರೇ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತ, ಆ ಪತ್ರಿಕೆಗೆ ‘ವಿಜ್ಞಾನ ವಿನೋದ’ ಎಂಬ ಅಂಕಣ ಬರೆಯುತ್ತಿದ್ದೆ. ಅದಕ್ಕೆ ಬಂದ ಏಕೈಕ ಓದುಗರ ಪತ್ರದಲ್ಲಿ, ಪಕ್ಕದಲ್ಲಿ ಅಚ್ಚಾದ ಮೂಲವ್ಯಾಧಿ ಔಷಧದ ವಿಳಾಸ ಕೇಳಿದ್ದರು.

ಅಂಬುಜಾಕ್ಷಿ ಅದೇ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದಳು. ಗಂಡ ಮುದ್ದುರಂಗಪ್ಪ ಅಲ್ಲೇ ಮಿಷನ್ ಓಡಿಸುತ್ತಿದ್ದ. ಇಬ್ಬರೂ ತಮ್ಮಷ್ಟಕ್ಕೆ ತಾವು ಇದ್ದವರು, ಮುದ್ದುರಂಗಪ್ಪನಿಗೆ ಆ ಕೇಡುಬುದ್ಧಿ ಬರುವವರೆಗೆ. ಉಳಿದ ಕಾಗದದ ಚೂರುಗಳಲ್ಲಿ ಒಂದು ಗಿಳಿಯ ಚಿತ್ರ ಅಚ್ಚು ಹಾಕಿ, ಕೆಳಗೆ ಚೆಂದಕ್ಕಿರಲಿ ಎಂದು ಏಳು ವಾರಗಳ ಹೆಸರನ್ನು ಮೇಲಿಂದ ಮೇಲೆ ಜೋಡಿಸಿದ. ಕಿವಿಗೆ ಇಂಪಾಗಿದೆ ಎಂಬುದಕ್ಕಿಂತ ಹೆಚ್ಚಿನ ಕಾರಣವಿಲ್ಲದೆ ಭಾನು, ಸೋಮ, ಮಂಗಳ, ಬುಧ ಎಂಬ ಕ್ರಮ ಹಿಡಿದ. ಗೋಡೆಗೆ ಅಂಟಿಸಲು ಚೆನ್ನಾಗಿದೆ ಎಂದು ಸಂತೆಯಲ್ಲಿ ಮಾರಿದ. ಕೊಂಡವರು ಅದನ್ನು ಭವಿಷ್ಯವೆಂದು ತಿಳಿದರು. ಹಾಳೆಯಲ್ಲಿ ಭಾನುವಾರದ ಮುಂದೆ ಸೋಮವಾರ ಇತ್ತು. ಸೋಮವಾರದ ಸಂತೆಗೆಂದು ಟೊಮ್ಯಾಟೊ ಕಿತ್ತು ಗಾಡಿ ತುಂಬಿಸಿದವರಿಗೆ ಬಂದದ್ದು ಶನಿವಾರ. ಟೊಮ್ಯಾಟೊ ಕೊಳೆಯಿತು. ಮೋಸದ ಮೊಕದ್ದಮೆ ಹೂಡಿದರು.

ನ್ಯಾಯಾಧೀಶರು ದಯಾಳು. ಅದು ಬುಧವಾರಗಳು ಒಂದರ ಹಿಂದೊಂದು ಬೀಳುತ್ತಿದ್ದ ಕಾಲ. “ಬರುವ ಬುಧವಾರದವರೆಗೆ ಸಜೆ” ಎಂದು ತೀರ್ಪು ಕೊಟ್ಟು ಮುಗುಳ್ನಕ್ಕರು. ಇಡೀ ಕೋರ್ಟು ನಕ್ಕಿತು. ಮುದ್ದುರಂಗಪ್ಪನೂ ನಕ್ಕ. ಅಂಬುಜಾಕ್ಷಿ ಬೆಳಿಗ್ಗೆ ಇಬ್ಬರಿಗಾಗುವಷ್ಟೇ ಅಕ್ಕಿ ತೊಳೆದಿಟ್ಟು ಬಂದಿದ್ದಳು. ಅಂದಿನಿಂದ ಬುಧವಾರ ನಿಂತುಹೋಯಿತು.

ಮಾವಿನ ಮರಗಳು ಹೂಬಿಟ್ಟು, ಕಾಯಾಗಿ, ಮತ್ತೊಮ್ಮೆ ಹೂಬಿಟ್ಟವು. ಬುಧವಾರ ಬರಲಿಲ್ಲ. ಅದೇ ಜೈಲಿನಲ್ಲಿ ಸ್ವಂತ ಅಣ್ಣನ ಕಾಲು ಮುರಿದು ಇಪ್ಪತ್ತು ಶನಿವಾರಗಳ ಶಿಕ್ಷೆ ಪಡೆದವನು ಒಂದೇ ಸುಗ್ಗಿಯಲ್ಲಿ ಅಷ್ಟನ್ನೂ ಮುಗಿಸಿ ಹೊರಬಂದು, ಮದುವೆಯಾಗಿ, ಮಗುವಿಗೆ ತೊಟ್ಟಿಲು ಕಟ್ಟಿದ. ಗಿಳಿಯ ಚಿತ್ರ ಮಾರಿದವನು ಒಳಗೇ ಇದ್ದ. ಅಂಬುಜಾಕ್ಷಿ ದಿನಾ ಬುತ್ತಿ ಹೊತ್ತು ಜೈಲಿಗೆ ಹೋಗುತ್ತಿದ್ದಳು. ಜೈಲರು ಪುಟ್ಟತಮ್ಮೇಗೌಡರು ಮೃದು ಸ್ವಭಾವದವರು. ಬೀಗದ ಕೈ ಗೊಂಚಲನ್ನು ಸದ್ದಾಗದಂತೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಮೃದು. “ನನ್ ಕೈಲೇನೈತೆ ತಾಯಿ? ಬುಧವಾರ ಅಂತ ಬರ್ದವ್ರೆ. ಶುಕ್ರವಾರ ಅಂತ ಬರ್ದಿದ್ರೆ ಶುಕ್ರವಾರ ಬಿಡ್ತಿದ್ದೆ. ನಂಗೇನು ಯಾವ್ ವಾರದ ಮೇಲೂ ದ್ವೇಷ ಇಲ್ಲ” ಎನ್ನುತ್ತಿದ್ದರು.

ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಶುಕ್ರವಾರಗಳು ಶುರುವಾದವು. ‘ಶುಕ್ರದೆಸೆ’ಯಲ್ಲಿ ಆಗ ಕಾದಂಬರಿ ಕೇಸರಿ ಜಯಸಿಂಹ ಎಂಬ ಜನಪ್ರಿಯ ಲೇಖಕರ ಧಾರಾವಾಹಿ ಬರುತ್ತಿತ್ತು. ಅದರ ನಾಯಕಿಗೆ ಕ್ಷಯ. ನಿಧಾನವಾಗಿ ಕೆಮ್ಮುತ್ತ ಒಂದು ವರ್ಷ ಬಾಳಬೇಕಿದ್ದವಳು. ಒಂದರ ಬೆನ್ನಿಗೊಂದು ಶುಕ್ರವಾರ ಬಂದು ಬರೆದದ್ದೆಲ್ಲ ಮುಗಿದಾಗ ಜಯಸಿಂಹರು ಗಾಬರಿಯಲ್ಲಿ ಅವಳನ್ನು ಸಾಯಿಸಿದರು. ಮರುದಿನವೂ ಶುಕ್ರವಾರ. ನಾಯಕನನ್ನು ಬಾವಿಗೆ ಹಾರಿಸಿದರು. ಅದರ ಮರುದಿನವೂ ಶುಕ್ರವಾರವೇ ಆದಾಗ, ಪಾತ್ರಗಳು ಖಾಲಿಯಾಗಿದ್ದರಿಂದ, ಜಯಸಿಂಹರು ಹೆಂಡತಿಯ ತವರೂರಿಗೆ ಬಸ್ಸು ಹತ್ತಿದರು.

ನಾನು ಅಂಕಣ ಕೊಡಲು ಪ್ರೆಸ್ಸಿಗೆ ಹೋದಾಗ ಗುರುಬಸಪ್ಪನವರು ನೆತ್ತಿಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದರು. “ಮೇಷ್ಟ್ರೇ, ಎಂಟನೇ ಪುಟ ಪೂರ್ತಿ ಖಾಲಿ. ನಿಮ್ಮ ಹತ್ರ ಉದ್ದಕ್ಕಿರೋದು ಏನಾದ್ರೂ ಇದ್ಯಾ?”

“ಉಷ್ಣದ ಎರಡನೇ ನಿಯಮದ ಮೇಲೆ ಒಂದು ಲೇಖನ ಇದೆ ಸಾರ್.”

“ಪತ್ರಿಕೆ ಉಳಿಸೋಕೆ ಕೇಳ್ತಿದೀನಿ ಮಾರಾಯ್ರೇ, ಮಣ್ಣು ಮಾಡೋಕಲ್ಲ.”

ಮೂಲೆಯಲ್ಲಿ ಪ್ರೂಫ್ ತಿದ್ದುತ್ತಿದ್ದ ಅಂಬುಜಾಕ್ಷಿ ತಲೆ ಎತ್ತದೆ ಹೇಳಿದಳು: “ನಾನು ಬರೀತೀನಿ.”

“ನೀನಾ? ಏನ್ ಬರೀತೀಯಮ್ಮ?”

“ಮಂಗಳವಾರ ಆದ್ಮೇಲೆ ಬುಧವಾರ ಬರೋ ಊರಿನ ಕಥೆ.”

“ಯಾವ ಮಂಗಳವಾರ?”

“ಎಲ್ಲಾ ಮಂಗಳವಾರ.”

ಗುರುಬಸಪ್ಪನವರು ನೆತ್ತಿಯ ಬಟ್ಟೆ ತೆಗೆದರು. “ಮಕ್ಕಳ ಕಥೆನಾ? ಪುರಾಣನಾ? ಮೇಲೆ ಏನಂತ ಹಾಕೋಣ?” ಎಂದು ನನ್ನ ಮುಖ ನೋಡಿದರು.

“ವೈಜ್ಞಾನಿಕ ಕಥೆ ಅನ್ಬಹುದು. ಆಗದೇ ಇರೋದನ್ನ ಆಗತ್ತೆ ಅಂತ ಲೆಕ್ಕಾಚಾರದ ಸಮೇತ ಹೇಳೋದು.”

“ಹಾಗಾದ್ರೆ ಲೆಕ್ಕಾಚಾರ ನಿಮ್ದು” ಎಂದರು. ನಮ್ಮ ಸಾಹಿತ್ಯದಲ್ಲಿ ಒಂದು ಹೊಸ ಪ್ರಕಾರ ಹುಟ್ಟಿದ್ದು ಹೀಗೆ. ಪಂಚಾಂಗ ನೋಡಿರಲಿಲ್ಲ, ನೋಡಲು ನಮ್ಮಲ್ಲಿ ಪಂಚಾಂಗವೂ ಇಲ್ಲ.

ಆ ಮೊದಲ ಕಂತಿನಲ್ಲಿ ಏನೂ ನಡೆಯುವುದಿಲ್ಲ. ಸಾಲುನಾಡು ಎಂಬ ಊರಿನಲ್ಲಿ ಒಬ್ಬ ಹೆಂಗಸು ಮಂಗಳವಾರ ದೋಸೆಗೆ ನೆನೆಹಾಕುತ್ತಾಳೆ, ಬುಧವಾರ ತಮ್ಮ ಬರುತ್ತಾನೆಂದು. ಬುಧವಾರ ಬರುತ್ತದೆ. ತಮ್ಮ ಬರುತ್ತಾನೆ. ದೋಸೆ ತಿನ್ನುತ್ತಾನೆ. ಅಷ್ಟೇ. ಓದಿದವರಿಗೆ ಮೈ ಜುಮ್ಮೆಂದಿತು. ಚಹಾದಂಗಡಿಯ ಮುಂದೆ ಒಬ್ಬರು ಗಟ್ಟಿಯಾಗಿ ಓದಿ, ತಮ್ಮ ಬಂದ ಜಾಗವನ್ನು ಇನ್ನೊಮ್ಮೆ ಓದಿದರಂತೆ.

ಲೆಕ್ಕಾಚಾರದ ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ಮೊದಲು ಒಂದು ಗಂಭೀರವಾದ ವಿವರಣೆ ಬರೆದೆ: ಸಾಲುನಾಡಿನ ದಿನಗಳಿಗೆ ಹುಟ್ಟಿನಿಂದ ಹೆಸರಿರುವುದಿಲ್ಲ, ಬಂದ ದಿನಕ್ಕೆ ಜನರೇ ಸರದಿಯ ಪ್ರಕಾರ ಹೆಸರಿಡುತ್ತಾರೆ, ಆದ್ದರಿಂದ ಕ್ರಮ ತಪ್ಪುವುದಿಲ್ಲ. ಗುರುಬಸಪ್ಪನವರು ಮುಖ ಹುಳಿ ಮಾಡಿದರು. “ಜನ ಕೂತು ಹೆಸರಿಡೋದಾ? ಇಷ್ಟು ಸಪ್ಪೆ ವಿಜ್ಞಾನ ಯಾರು ಓದ್ತಾರ್ರೀ? ಒಂದು ಯಂತ್ರ ಗಿಂತ್ರ ತನ್ನಿ.” ಆಗ ನಾನು ‘ಕೊಂಡಿ ಸಿದ್ಧಾಂತ’ ಮಂಡಿಸಿದೆ: ಗೂಡ್ಸ್ ಗಾಡಿಯ ಡಬ್ಬಿಗಳಂತೆ ದಿನಗಳ ನಡುವೆ ಕಣ್ಣಿಗೆ ಕಾಣದ ಕೊಂಡಿಗಳಿವೆ, ಸಾಲುನಾಡಿನ ಎಂಜಿನಿಯರುಗಳು ಅವುಗಳಿಗೆ ಎಣ್ಣೆ ಹಾಕುತ್ತಿರುತ್ತಾರೆ. ಇದರಲ್ಲಿ ಒಂದು ಅಕ್ಷರಕ್ಕೂ ಅರ್ಥವಿಲ್ಲ. ಇದರ ಮೇಲೆ ಈಗ ಮೂರು ವಿಚಾರಗೋಷ್ಠಿಗಳಾಗಿವೆ.

ಶುಕ್ರವಾರಗಳು ಬಿಡದೆ ಬಂದವು, ನಡುವೆ ಅಪರೂಪಕ್ಕೊಂದು ಗುರುವಾರ, ಒಂದು ಸೋಮವಾರ. ಸಂಪುಟದ ಮೇಲೆ ಸಂಪುಟ ಬೆಳೆಯಿತು. ಎರಡನೆಯದರಲ್ಲಿ ಸಾಲುನಾಡಿನ ಮಕ್ಕಳು ಪರೀಕ್ಷೆ ಯಾವತ್ತೆಂದು ಮೊದಲೇ ತಿಳಿದು ಓದಿಕೊಳ್ಳುತ್ತಾರೆ. ಮೂರನೆಯದರಲ್ಲಿ ‘ಪ್ರತಿ ಗುರುವಾರ ಡಾಕ್ಟರು ಸಿಗುತ್ತಾರೆ’ ಎಂಬ ಫಲಕ ಬರುತ್ತದೆ. ಅಲ್ಲಿಗೆ ನಮ್ಮೂರಿನ ಡಾಕ್ಟರು “ಇದು ಅತಿಯಾಯ್ತು” ಎಂದು ಪತ್ರಿಕೆ ಮಡಿಸಿಟ್ಟರು. ಅಂಬುಜಾಕ್ಷಿಯ ಲೆಕ್ಕದಲ್ಲಿ ಸಾಲುನಾಡಿನವರು ಪರಮಸುಖಿಗಳು. ಬರುವ ದಿನ ಯಾವುದೆಂದು ಗೊತ್ತಿರುವವರಿಗೆ ಚಿಂತೆ ಎಲ್ಲಿಂದ ಬರಬೇಕು? ಅವರು ಹೇಳಿದ ಹೊತ್ತಿಗೆ ಹೋಗುತ್ತಾರೆ, ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ, ಯಾವ ಕಚೇರಿಯಲ್ಲೂ ಯಾರನ್ನೂ ಅಲೆದಾಡಿಸುವುದಿಲ್ಲ.

ಇದನ್ನು ಒಪ್ಪದವರು ಒಬ್ಬರೇ, ಚಹಾದಂಗಡಿಯ ಕುಶಾಲಪ್ಪ. “ಮೇಷ್ಟ್ರೇ, ನಂಗೊಂದು ಡೌಟು. ಸೋಮವಾರ ಬಂದೇ ಬರತ್ತೆ ಅಂತ ಗ್ಯಾರಂಟಿ ಇದ್ರೆ ಯಾವ ನನ್ಮಗ ಶನಿವಾರ ಕೆಲಸ ಮುಗಿಸ್ತಾನೆ? ಸೋಮವಾರ ನೋಡ್ಕೊಳ್ಳೋಣ ಬಿಡು ಅಂತ ಕಾಲು ಚಾಚಲ್ವಾ?” ನಾನು ಇದನ್ನು ಅಂಬುಜಾಕ್ಷಿಗೆ ಹೇಳಿದೆ. “ಅಂಥೋರಿಗೆ ಅಂಥ ಊರು ಯಾಕೆ ಕೊಡ್ತಾರೆ ಮೇಷ್ಟ್ರೇ?” ಎಂದಳು. ವಿಮರ್ಶಕರೂ ಕುಶಾಲಪ್ಪನವರ ಸಂಶಯವನ್ನು ಮನುಷ್ಯಕುಲದ ಮೇಲಿನ ಅಪನಂಬಿಕೆ ಎಂದು ತಳ್ಳಿಹಾಕಿದರು.

ಒಮ್ಮೆ ಮಾತ್ರ ನಾವು ಸಿಕ್ಕಿಬಿದ್ದೆವು. ನಾಲ್ಕನೆಯ ಸಂಪುಟದಲ್ಲಿ ಸಾಲುನಾಡಿನ ಒಬ್ಬ ಗೃಹಸ್ಥ ಬೆಳಿಗ್ಗೆ ಎದ್ದು ಹೆಂಡತಿಯನ್ನು “ಇವತ್ತು ಯಾವ ವಾರವೇ?” ಎಂದು ಕೇಳುತ್ತಾನೆ. ಅಂಬುಜಾಕ್ಷಿ ಏನೋ ಗುಂಗಿನಲ್ಲಿ ಬರೆದಿದ್ದಳು, ನಾನೂ ಗಮನಿಸಲಿಲ್ಲ. ಓದುಗರು ಕೆರಳಿದರು. ವಾರಗಳು ಸಾಲಾಗಿ ಬರುವ ಊರಿನಲ್ಲಿ ಇದನ್ನು ಯಾರಾದರೂ ಕೇಳುತ್ತಾರೆಯೇ? ನಿನ್ನೆ ಸೋಮವಾರವಾದರೆ ಇಂದು ಮಂಗಳವಾರ ಎಂದು ಕೂಸಿಗೂ ತಿಳಿಯುವುದಿಲ್ಲವೇ? ಮುಂದಿನ ಸಂಚಿಕೆಯಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿದೆವು: ‘ಸಾಲುನಾಡಿನಲ್ಲಿ ಇವತ್ತು ಯಾವ ವಾರವೆಂದು ಯಾರೂ ಮರೆಯುವುದಿಲ್ಲ. ತಪ್ಪಿಗಾಗಿ ವಿಷಾದಿಸುತ್ತೇವೆ.’

ಅಷ್ಟು ಹೊತ್ತಿಗೆ ಊರು ಊರೇ ಶುಕ್ರವಾರಕ್ಕೆ ಹರಕೆ ಹೊರತೊಡಗಿತ್ತು. ಬೆಳಿಗ್ಗೆ ಶುಕ್ರವಾರವೆಂದು ತಿಳಿದೊಡನೆ ಬೀದಿಯಲ್ಲಿ ಹೋ ಎಂಬ ಕೂಗು. ಬೇರೆ ವಾರವಾದರೆ ಸೂತಕದ ಮನೆಯ ಮೌನ. ಹೆಂಗಸರು ಲಕ್ಷ್ಮಿಗೆ ಹೆಚ್ಚಿನ ದೀಪ ಹಚ್ಚಿ ಇನ್ನೊಂದು ಶುಕ್ರವಾರ ಕೊಡಮ್ಮ ಎನ್ನುತ್ತಿದ್ದರು. ಬುಧವಾರ ಬೇಕಾಗಿದ್ದದ್ದು ಊರಿನಲ್ಲಿ ಒಬ್ಬಳಿಗೆ ಮಾತ್ರ, ಆ ಶುಕ್ರವಾರಗಳನ್ನು ತುಂಬಿಸಿಕೊಡುತ್ತಿದ್ದವಳಿಗೆ. ದೇವರು ಬಹುಮತ ನೋಡಿದನೆಂದು ಕಾಣುತ್ತದೆ.

ಪುಟ್ಟತಮ್ಮೇಗೌಡರು ‘ಸಾಲುನಾಡಿ’ನ ಕಟ್ಟಾ ಅಭಿಮಾನಿ. ಪ್ರತಿ ಸಂಚಿಕೆಯನ್ನೂ ಕೈದಿಗಳನ್ನು ಅಂಗಳದಲ್ಲಿ ಕೂರಿಸಿ ಓದಿ ಹೇಳುತ್ತಿದ್ದರು. ಒಂದು ದಿನ ನಾನೂ ಅಂಬುಜಾಕ್ಷಿಯ ಜೊತೆ ಜೈಲಿಗೆ ಹೋಗಿದ್ದೆ. ನನಗೆ ಬೇಕಾಗಿದ್ದ ಪ್ರೂಫಿನ ಕೊನೆಯ ಹಾಳೆ ಅವಳ ಬುತ್ತಿಚೀಲದಲ್ಲಿ ಉಳಿದಿತ್ತು. ಮುದ್ದುರಂಗಪ್ಪ ಸರಳಿನ ಆಚೆ ಕೂತು ಅನ್ನ ಕಲಸುತ್ತ ಹೇಳಿದ: “ನಿನ್ ಕಥೇಲಿ ಎಲ್ರೂ ದೋಸೆ ತಿಂತಾರೆ ಕಣೇ. ನಮ್ಮಂಥೋರು ಯಾರೂ ಇಲ್ವಾ ಆ ಊರಲ್ಲಿ?”

“ಇರ್ಬೇಕಾ?”

“ಇದ್ರೆ ಚೆನ್ನಾಗಿರತ್ತೆ. ಆದ್ರೆ ಬೇಗ ಬಿಟ್ಬಿಡು ಪಾಪ.”

ಅವನು ನಗುತ್ತಲೇ ಹೇಳಿದ. ತಲೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಹೋಗುವಾಗ ಮೀಸೆಯೂ ನೆರೆತಿರಲಿಲ್ಲ.

ಐದನೆಯ ಸಂಪುಟದಲ್ಲಿ ಕೆಂಚ ಬಂದ. ಸಾಲುನಾಡಿನ ಬಡಗಿ, ಮಾಡದ ತಪ್ಪಿಗೆ ಬುಧವಾರದವರೆಗೆ ಸಜೆ. ಸಾಲುನಾಡಲ್ಲವೇ? ಶುಕ್ರವಾರ ಒಳಗೆ ಹೋದವನು ಶನಿ, ಭಾನು ಎಂದು ಬೆರಳು ಮಡಿಸುತ್ತಾನೆ. ಕಂತಿಗೊಂದು ದಿನ. ಊರಿನಲ್ಲಿ ಕೆಂಚನ ಹೆಸರಿನಲ್ಲಿ ಅರ್ಚನೆ ಮಾಡಿಸಿದವರಿದ್ದಾರೆ. ಭಾನುವಾರದ ಕಂತು ಓದಿ ಪುಟ್ಟತಮ್ಮೇಗೌಡರು ಟೋಪಿ ತೆಗೆದು ಕಣ್ಣೊರೆಸಿಕೊಂಡರು.

“ಕಣ್ಣೀರು ಸಾಕು ಗೌಡ್ರೇ, ಬೀಗ ತೆಗೀರಿ” ಎಂದಳು ಅಂಬುಜಾಕ್ಷಿ.

“ಅದು ಕಥೆ ಅಲ್ವಾ ತಾಯಿ” ಎಂದರು ಅವರು ನೊಂದುಕೊಂಡು. ಆದರೂ ಮನಸ್ಸು ತಡೆಯದೆ ಒಂದು ದಾರಿ ಹೇಳಿದರು: ಯಾವುದಾದರೂ ಒಂದು ಶುಕ್ರವಾರವನ್ನು ಬುಧವಾರವೆಂದು ಪುರಸಭೆ ಠರಾವು ಮಾಡಿದರೆ ತಾವು ಬಿಡಲು ಸಿದ್ಧ.

ಪುರಸಭೆ ಸೇರಿತು. ಊರಿಗೆ ಊರೇ ಬಂದಿತ್ತು. ಎಲ್ಲರೂ ಅಂಬುಜಾಕ್ಷಿಯ ಪರ; ಒಬ್ಬ ಸದಸ್ಯರಂತೂ ಮಾತಾಡುತ್ತ ಎರಡು ಸಲ ಮುದ್ದುರಂಗಪ್ಪನನ್ನು ಕೆಂಚ ಎಂದು ಕರೆದರು. ಇನ್ನೇನು ಕೈ ಎತ್ತಬೇಕು, ಗುರುಬಸಪ್ಪನವರು ಎದ್ದು ನಿಂತರು. “ಮಾನವೀಯತೆ ವಿಷಯದಲ್ಲಿ ನಾನು ಯಾರಿಗೂ ಕಮ್ಮಿ ಇಲ್ಲ. ಒಂದೇ ಸಂಗತಿ ಯೋಚನೆ ಮಾಡಿ. ಆ ಶುಕ್ರವಾರ ಬುಧವಾರ ಆಗ್ಬಿಟ್ರೆ ಆ ದಿನ ಪತ್ರಿಕೆ ಬರೋ ಹಾಗಿಲ್ಲ. ಕೆಂಚ ಇನ್ನೂ ಸೋಮವಾರದಲ್ಲಿ ಕೂತಿದಾನೆ.”

ಹಿಂದಿನ ಸಾಲಿನಿಂದ ಯಾರೋ “ಕೆಂಚನ್ನ ಕಾಯಿಸೋದು ಸರಿಯಲ್ಲ” ಎಂದರು. ನನ್ನ ಅಭಿಪ್ರಾಯ ಕೇಳಿದಾಗ ನಾನು, ವಿಜ್ಞಾನದವನಿಗೆ ತಕ್ಕಂತೆ, ಇನ್ನಷ್ಟು ಮಾಹಿತಿ ಬೇಕೆಂದೆ. ಠರಾವು ಬಿದ್ದುಹೋಯಿತು. ಅದರ ಬೆನ್ನಿಗೇ ಅಂಬುಜಾಕ್ಷಿಯ ಸಾಹಿತ್ಯಸೇವೆಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡಬೇಕೆಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಆಕೆ ಶಾಲು ಹೊದೆಯಲಿಲ್ಲ. ಹಣ್ಣನ್ನು ಜೈಲಿಗೆ ಒಯ್ದಳು.

ಮುಂದಿನ ಶುಕ್ರವಾರಗಳಲ್ಲಿ ಕೆಂಚನ ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು. ಅದರ ನಂತರದ ಕಂತಿನ ಪ್ರೂಫ್ ನಾನೇ ಮೊದಲು ಓದಿದೆ. ಕೆಂಚ ಬೆಳಗಾಗುವ ಮೊದಲೇ ಎದ್ದು ಸ್ನಾನ ಮಾಡಿ, ಕಂಬಳಿ ಮಡಿಸಿಟ್ಟು, ಬಾಗಿಲಿಗೆ ಮುಖ ಮಾಡಿ ಕೂರುತ್ತಾನೆ. ಸೂರ್ಯ ಹುಟ್ಟುತ್ತಾನೆ. ಗುರುವಾರ. ಸಾಲುನಾಡಿನ ಚರಿತ್ರೆಯಲ್ಲೇ ಮೊದಲ ಸಲ ಮಂಗಳವಾರದ ಮುಂದೆ ಗುರುವಾರ. ಕೆಳಗೆ ‘ಸಮಾಪ್ತ’ ಎಂದಿತ್ತು.

“ಅಂಬುಜಮ್ಮ, ಇದು ಕೊಂಡಿ ಸಿದ್ಧಾಂತಕ್ಕೆ ವಿರುದ್ಧ” ಎಂದೆ.

“ಕೊಂಡಿ ಕಳಚಿಕೊಳ್ತು ಅಂತ ಬರ್ಕೊಳ್ಳಿ.”

ಗುರುಬಸಪ್ಪನವರಿಗೆ ತಮ್ಮ ಪತ್ರಿಕೆಯನ್ನು ಓದುವ ಚಟವಿರಲಿಲ್ಲ. ಅಚ್ಚಾಗಿ ಹೋಯಿತು.

ಮರುದಿನ ಬೆಳಿಗ್ಗೆ, ಅದೂ ಶುಕ್ರವಾರವೇ, ಪ್ರೆಸ್ಸಿನ ಮುಂದೆ ಜಾತ್ರೆ ಸೇರಿತ್ತು. “ಮಂಗಳವಾರ ಆದ್ಮೇಲೆ ಬುಧವಾರ ಬರ್ಲೇಬೇಕು! ಇದು ಅನ್ಯಾಯ!” ಎಂದು ಜೀವಮಾನದಲ್ಲಿ ಅಂಥದ್ದೊಂದು ನಿಯಮವನ್ನು ಕಂಡಿರದ ಜನ ಮುಷ್ಟಿ ಎತ್ತಿ ಕೂಗುತ್ತಿದ್ದರು. ಒಬ್ಬ ಮುದುಕಿ ಅಂಬುಜಾಕ್ಷಿಯ ಕೈ ಹಿಡಿದು, “ಆ ಹುಡ್ಗ ಕಂಬ್ಳಿ ಮಡಿಸಿ ಕುಂತವ್ನೆ ಕಣವ್ವ. ಹೊಟ್ಟೆಗೆ ಬೆಂಕಿ ಹಾಕ್ಬಿಟ್ಯಲ್ಲೇ” ಎಂದು ಅತ್ತಳು. ಗುರುಬಸಪ್ಪನವರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು.

ಅಂಬುಜಾಕ್ಷಿ ಮೆಟ್ಟಿಲ ಮೇಲೆ ನಿಂತಳು. ಆಕೆ ದನಿ ಏರಿಸಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. “ಅಲ್ಲಿನ ಬುಧವಾರ ನನ್ನ ಕೈಲಿದೆ. ತರ್ತೀನಿ. ಇಲ್ಲಿಂದು ನಿಮ್ಮ ಕೈಲಿದೆ. ಮೊದಲು ಅದನ್ನ ನೀವು ತನ್ನಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸರಳವಾದ ವ್ಯಾಪಾರ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು. ಆಮೇಲೆ ಗುಂಪು ಜೈಲಿನತ್ತ ತಿರುಗಿತು.

ಪುಟ್ಟತಮ್ಮೇಗೌಡರು ಗೇಟಿನ ಮುಂದೆ ಎರಡೂ ಕೈ ಚಾಚಿ ನಿಂತರು. ಹಿಂದಿನ ದಿನದ ಕಂತು ಓದಿ ಅವರ ಕಣ್ಣೂ ಊದಿಕೊಂಡಿತ್ತು. “ನಾನು ರೂಲ್ಸ್ ಬಿಟ್ಟು ಹೋಗೋನಲ್ಲ ಕಣ್ರಪ್ಪ. ಬುಧವಾರ ಆದ್ರೆ ಬಿಡ್ತೀನಿ. ನೀವೇ ಹೇಳಿ, ಇವತ್ತು ಯಾವ್ ವಾರ?”

ನಮ್ಮೂರಿನವರು ಹಾಲಿಗೆ ನೀರು ಬೆರೆಸುತ್ತಾರೆ, ತೂಕದಲ್ಲಿ ಹೊಡೆಯುತ್ತಾರೆ, ವಧುವಿನ ವಯಸ್ಸನ್ನು ಅರ್ಧಕ್ಕೆ ಇಳಿಸುತ್ತಾರೆ. ಆದರೆ ಇಂದು ಯಾವ ವಾರ ಎಂಬುದರಲ್ಲಿ ಸುಳ್ಳು ಹೇಳಿದವರು ಅದುವರೆಗೆ ಹುಟ್ಟಿರಲಿಲ್ಲ. ಎಲ್ಲರೂ ಸುಳ್ಳರಾದ ಊರಿಗೆ ಅದೊಂದೇ ಆಸರೆಯಾಗಿತ್ತು.

ಗೌಡರ ಕಣ್ಣು ಗುಂಪಿನ ಮೇಲೆ ಹರಿದು ನನ್ನ ಮೇಲೆ ನಿಂತಿತು. “ಮೇಷ್ಟ್ರೇ, ನೀವು ವಿಜ್ಞಾನ ಓದಿದೋರು. ನೀವ್ ಹೇಳಿದ್ದು ನಾನು ನಂಬ್ತೀನಿ. ಯಾವ್ ವಾರ?”

ಮೈಯ ಒಂದೊಂದು ಕಣವೂ ಶುಕ್ರವಾರ ಎನ್ನುತ್ತಿತ್ತು. ಪಕ್ಕದಲ್ಲಿ ಅಂಬುಜಾಕ್ಷಿ ಇದ್ದಳು. ನನ್ನತ್ತ ನೋಡುತ್ತಿರಲಿಲ್ಲ, ಗೇಟಿನ ಸಂದಿಯತ್ತ ನೋಡುತ್ತಿದ್ದಳು.

“ಬುಧವಾರ” ಎಂದೆ.

ಮೊದಲು ಚೇತರಿಸಿಕೊಂಡವರು ಕುಶಾಲಪ್ಪ. “ಬೆಳಿಗ್ಗೆಯಿಂದ ಬುಧವಾರಾನೇ ಅಲ್ವಾ? ಯಾಕ್ ಗೌಡ್ರೇ, ಮೂಗು ಕಟ್ಟಿ ವಾರ ಗೊತ್ತಾಗ್ತಿಲ್ವಾ?” ಎಂದರು. ಆಮೇಲೆ ಮುದುಕಿ. ಆಮೇಲೆ ಪುರಸಭೆಯ ಸದಸ್ಯರು, ಗಟ್ಟಿಯಾಗಿ, ತಾವೇ ಮೊದಲು ಹೇಳಿದವರ ಹಾಗೆ. ಬುಧವಾರ, ಬುಧವಾರ ಎಂದು ಬೀದಿ ತುಂಬ ಸದ್ದಾಯಿತು. ಗೌಡರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು, “ಇಷ್ಟ್ ಜನ ಹೇಳ್ತಾವ್ರೆ ಅಂದ್ಮೇಲೆ ಇರ್ಬೋದು” ಎನ್ನುತ್ತ ಸೊಂಟದ ಬಟ್ಟೆ ಬಿಚ್ಚಿ ಬೀಗದ ಕೈ ತೆಗೆದರು.

ಮುದ್ದುರಂಗಪ್ಪ ಹೊರಗೆ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಜನರನ್ನು ನೋಡಿ, ತಲೆ ಕೆರೆದುಕೊಂಡು ಕೇಳಿದ: “ಇವತ್ತು ಶುಕ್ರವಾರ ಅಲ್ವಾ?”

“ಬಾಯ್ಮುಚ್ಕೊಂಡು ಮನೆಗೆ ನಡಿಯಪ್ಪ!” ಎಂದು ಊರು ಒಕ್ಕೊರಲಿನಿಂದ ಗದರಿತು.

ಅಂಬುಜಾಕ್ಷಿ ಮಾತು ಉಳಿಸಿಕೊಂಡಳು. ಗಂಡನನ್ನು ಪ್ರೆಸ್ಸಿನ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಹೋಗಿ, ನಿಂತಲ್ಲೇ ಕೊನೆಯ ಕಂತು ಬರೆದುಕೊಟ್ಟಳು: ‘ಗುರುವಾರ ಎಂದದ್ದು ಕಣ್ತಪ್ಪು. ಬುಧವಾರವೇ ಬಂದಿತ್ತು. ಕೆಂಚ ಮನೆಗೆ ಹೋದ.’ ಈ ಮೂರು ವಾಕ್ಯಗಳನ್ನು ಈಗ ವಿಮರ್ಶಕರು ಮೌನದ ಶಿಖರ ಎನ್ನುತ್ತಾರೆ. ಆಕೆಗೆ ಆತುರವಿತ್ತು, ಅಷ್ಟೇ. ಇನ್ನು ಗುರುಬಸಪ್ಪನವರು. ಶುಕ್ರವಾರವೆಂದರೆ ಊರು ಸುಮ್ಮನಿರುವುದಿಲ್ಲ, ಬುಧವಾರವೆಂದರೆ ಪತ್ರಿಕೆ ತರುವಂತಿಲ್ಲ. ಅವರು ಹೆಚ್ಚು ಹೊತ್ತು ಯೋಚಿಸಲಿಲ್ಲ. ಹೆಸರಿನ ಕೆಳಗೆ ‘ಬುಧವಾರದ ವಿಶೇಷ ಸಂಚಿಕೆ’ ಎಂದು ಕೆಂಪು ಶಾಯಿಯಲ್ಲಿ ಹಾಕಿ ಬೆಲೆ ಎರಡರಷ್ಟು ಮಾಡಿದರು.

ಮರುದಿನ ಬೆಳಿಗ್ಗೆ ನಾನು ಹಾಸಿಗೆಯಲ್ಲೇ ಗಕ್ಕನೆ ಎದ್ದು ಕೂತೆ. ಅದೆಷ್ಟೋ ಕಾಲದಿಂದ ಮರೆತೇಹೋಗಿದ್ದ ವಾರ. ಅನುಮಾನವೇ ಇಲ್ಲ, ಅಪ್ಪಟ ಬುಧವಾರ. ಜಗಲಿಗೆ ಓಡಿ ಬಂದೆ. ಅಂಬುಜಾಕ್ಷಿಯ ಮನೆ ನನ್ನ ಮನೆಯ ಎದುರಿಗೇ. ಪುಟ್ಟತಮ್ಮೇಗೌಡರು ಆಗಲೇ ಅಲ್ಲಿ ಏದುಸಿರು ಬಿಡುತ್ತ ಬಾಗಿಲು ಬಡಿಯುತ್ತಿದ್ದರು. ಅಂಬುಜಾಕ್ಷಿ ಬಾಗಿಲನ್ನು ಅರ್ಧ ತೆರೆದಳು.

“ತಾಯಿ, ನಿನ್ನೇದು ಲೆಕ್ಕಕ್ಕೆ ಬರಲ್ಲ. ಅಸಲಿ ಬುಧವಾರ ಇವತ್ತು ಬಂದೈತೆ! ನಿಮ್ಮನೆಯವ್ರನ್ನ ಒಂದ್ ಗಳಿಗೆ ನನ್ ಜೊತೆ ಕಳಿಸ್ಕೊಡಿ. ಒಳಕ್ಕೆ ಕೂರ್ಸಿ, ಬೀಗ ಹಾಕಿ, ತೆಗ್ದು, ಕಾನೂನು ಪ್ರಕಾರ ಬಿಟ್ಬಿಡ್ತೀನಿ. ಒಂದೇ ಗಳಿಗೆ.”

“ಮಲಗಿದಾರೆ” ಎಂದಳು ಅಂಬುಜಾಕ್ಷಿ. “ನಾಳೆ ಬನ್ನಿ.”

“ನಾಳೆ ಯಾವ್ ವಾರವೋ ಏನೋ ತಾಯಿ! ಬುಧವಾರ ಇಲ್ದೇ ಹೋದ್ರೆ?”

“ಇಲ್ದೇ ಹೋದ್ರೆ ಬರ್ಬೇಡಿ” ಎಂದು ಅವಳು ಬಾಗಿಲು ಹಾಕಿಕೊಂಡಳು.